ತಪ್ಪುಕಾಣಿಕೆ

ನನ್ನ ತಮ್ಮ ಜೈಲಿಗೆ ಹೋದದ್ದು ನಮ್ಮವ್ವ ಹೇಳಿಕೊಟ್ಟ ಒಂದು ಮಾತಿನಿಂದ. ಈಗ ನೆನೆಸಿಕೊಂಡರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಅವ್ವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ, ಅವಳು ಹೇಳಿಕೊಟ್ಟದ್ದು ನಮ್ಮ ಸೀಮೆಯ ತಾಯಂದಿರೆಲ್ಲ ಮಕ್ಕಳಿಗೆ ಹೇಳಿಕೊಡುವ ಮಾತೇ: ‘ತಪ್ಪಾಯ್ತು ಅಂದ್ಬುಡು ಮಗ, ಮುಗುದೋಯ್ತದೆ.’

ಎಪ್ಪತ್ತರ ದಶಕದ ಸಂಗತಿ ಇದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಮೂರ್ನಾಲ್ಕು ವರ್ಷವಾಗಿತ್ತು, ಅವ್ವ ಮಾತ್ರ ಇನ್ನೂ ಮೈಸೂರು ಸೀಮೆ ಎನ್ನುತ್ತಿದ್ದಳು. ನಾನು ಮದುವೆಯಾಗಿ ಮಂಡ್ಯ ಸೇರಿದ್ದೆ. ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ತಮ್ಮ ನೆರಳಿಗೆ ತಾವೇ ಹೆದರುವಂಥವರು. ನನ್ನ ತವರು ಮದ್ದೂರು ತಾಲ್ಲೂಕಿನಲ್ಲಿ, ಕೊಪ್ಪದ ಹತ್ತಿರದ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ, ತಮ್ಮ ಇಬ್ಬರೇ ಗದ್ದೆ ನೋಡಿಕೊಳ್ಳುತ್ತಿದ್ದರು. ಕಬ್ಬು ಕಡಿಯುವ ಕಾಲ ಬಂದರೆ ಊರ ಹೊರಗಿನ ನಮ್ಮ ಹೊಲದಲ್ಲಿ ಆಲೆಮನೆ ನಡೆಯುತ್ತಿತ್ತು.

ಆ ಆಲೆಮನೆಗೆ ಕೆಲಸ ಕೇಳಿಕೊಂಡು ಬಂದವನು ಅವನು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯವನು. ಹಿಂದೆಮುಂದೆ ಯಾರೂ ಇಲ್ಲದ ಒಬ್ಬಂಟಿ. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುವ ಕೆಲಸಕ್ಕೆಂದು ಒಂದು ಸುಗ್ಗಿಗೆ ಬಂದವನು ವಾಪಸ್ಸು ಹೋಗಲೇ ಇಲ್ಲ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ. ಹೊಗೆ ಮೂಗಿಗೆ ಹೋದರೆ ಸಾಕು, ಎದೆಯೊಳಗೆ ಕೊಳಲು ಊದಿದ ಹಾಗೆ ಸದ್ದು. ಈ ಪೂರಿಗಾಲಿಯವನು ಬಂದ ಮೇಲೆ ತಮ್ಮ ಒಲೆಯ ಬಾಯಿ ಹತ್ತಿರ ಸುಳಿಯುವುದೇ ತಪ್ಪಿಹೋಯಿತು. ಗಾಳಿ ತಿರುಗಿ ಹೊಗೆ ಈ ಕಡೆ ಬಂದರೆ ಅವನೇ ಗದರುತ್ತಿದ್ದ: ‘ಅತ್ಲಾಗೋಗ್ಲಾ, ಗದ್ದೆ ತಾವ್ ನಿಂತ್ಕೊ. ಬೆಲ್ಲ ನಾ ನೋಡ್ಕತೀನಿ.’

ಊರವರು ಅವರಿಬ್ಬರನ್ನೂ ‘ಜೋಡೆತ್ತು’ ಎಂದು ಛೇಡಿಸುತ್ತಿದ್ದರು. ಗೊಬ್ಬರ ಹೊಡೆಯುವುದಕ್ಕೂ ಜೊತೆ, ಕೊಪ್ಪದ ಸಂತೆಗೂ ಜೊತೆ. ನನಗೆ ಗೊತ್ತಿತ್ತಾ ಎಂದು ಕೇಳಿದರೆ, ಗೊತ್ತಿತ್ತು. ಹೆಂಗಸರಿಗೆ ಗೊತ್ತಾಗದ್ದು ಯಾವುದಿದೆ! ಒಂದು ಸಲ ತವರಿಗೆ ಹೋದಾಗ ಅವರಿಬ್ಬರಿಗೂ ನಾನೇ ಬಡಿಸುತ್ತಿದ್ದೆ. ಮುದ್ದೆ, ಬದನೆಕಾಯಿ ಸಾರು. ಅವನು ತನ್ನ ತಟ್ಟೆಯಿಂದ ಒಂದು ಬದನೆಕಾಯಿ ಹೋಳು ಎತ್ತಿ ತಮ್ಮನ ತಟ್ಟೆಗೆ ಹಾಕಿದ. ಮುಖ ನೋಡಲಿಲ್ಲ, ಮಾತು ಬೇರೆ ಏನೋ ನಡೆಯುತ್ತಿತ್ತು. ನಮ್ಮಪ್ಪ ಅವ್ವನ ತಟ್ಟೆಗೆ ಹೀಗೇ ಹಾಕುತ್ತಿದ್ದ. ಅಷ್ಟು ಸಾಕಾಯಿತು ನನಗೆ. ಅದಕ್ಕೊಂದು ಹೆಸರು ನನಗೆ ತಿಳಿದಿರಲಿಲ್ಲ, ಕೇಳಬೇಕು ಅಂತಲೂ ಅನ್ನಿಸಲಿಲ್ಲ. ತಮ್ಮ ಸಂತೋಷವಾಗಿದ್ದ, ಅವನ ಮೈ ಸ್ವಲ್ಪ ತುಂಬಿಕೊಂಡಿತ್ತು.

ಅವ್ವನಿಗೆ ಮಾತ್ರ ತಿಳಿದೂ ತಿಳಿಯದ ಹಾಗೆ. ಹೆಣ್ಣು ನೋಡಲು ಕರೆದರೆ ತಮ್ಮ ‘ಈ ವರ್ಸ ಬ್ಯಾಡ ಕಣವ್ವ’ ಎನ್ನುವನು, ಅವ್ವ ಆ ಸಿಟ್ಟನ್ನೆಲ್ಲ ಪೂರಿಗಾಲಿಯವನ ಮೇಲೆ ತೀರಿಸಿಕೊಳ್ಳುವಳು. ‘ಈ ಮುಂಡೇದು ಬಂದ್ಮೇಲೆ ನನ್ ಮಗ ಸನ್ಯಾಸಿ ಆಗೋದ’ ಎಂದು ಬೈಯುತ್ತಲೇ ಅವನಿಗೂ ಮಜ್ಜಿಗೆ ಕೊಡುವಳು.

ಆ ವರ್ಷ ನಾಲೆ ನೀರಿನ ಸರದಿಗೆ ಪಕ್ಕದ ಗದ್ದೆಯವನಿಗೂ ನಮಗೂ ಜಗಳವಾಯಿತು. ನಮ್ಮ ಸೀಮೆಯಲ್ಲಿ ನೀರಿಗಾಗಿ ಅಣ್ಣತಮ್ಮಂದಿರೇ ಗುದ್ದಲಿ ಎತ್ತುತ್ತಾರೆ, ನೆರೆಯವನದೇನು ದೊಡ್ಡದು. ಆದರೆ ಅವನು ಗುದ್ದಲಿ ಎತ್ತಲಿಲ್ಲ, ಪೊಲೀಸರನ್ನು ಕರೆದುಕೊಂಡು ಬಂದ. ಆಲೆಮನೆಯ ಹಿಂದೆ, ಸಿಪ್ಪೆ ರಾಶಿ ಹಾಕುವ ಕೋಣೆಯಲ್ಲಿ ಅವರಿಬ್ಬರೂ ಮಧ್ಯಾಹ್ನ ಮಲಗುತ್ತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಿ, ಊರ ಮುಂದೆ ನಡೆಸಿಕೊಂಡು ಹೋದರು. ಗಂಡಸು ಗಂಡಸಿನ ಜೊತೆ ಇದ್ದದ್ದು ಅಪರಾಧವಂತೆ, ಅದಕ್ಕೊಂದು ಕಲಮು ಇದೆಯಂತೆ. ಆ ಕಲಮಿನ ಹೆಸರನ್ನು ಅಲ್ಲಿಯ ತನಕ ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.

ಇನ್ನು ನಮ್ಮೂರ ನ್ಯಾಯದ ಪದ್ಧತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರಳಿಕಟ್ಟೆಯಲ್ಲಿ ಹಿರೀಕರು ಕೂತರೆ, ತಪ್ಪು ಮಾಡಿದವನು ಹೆಗಲ ಮೇಲಿನ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲಬೇಕು. ‘ತಪ್ಪಾಯ್ತು, ಒಟ್ಟೆಗಾಕ್ಕಳಿ’ ಎನ್ನಬೇಕು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಕಾಸು ಇಟ್ಟು ಮುಂದೆ ಹಿಡಿಯಬೇಕು. ಅದೇ ತಪ್ಪುಕಾಣಿಕೆ. ನೊಂದವರು ತಟ್ಟೆ ಎತ್ತಿಕೊಂಡರೆ ಮುಗಿಯಿತು. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಉಂಡಾದ ಮೇಲೆ ಯಾರಾದರೂ ಆ ಮಾತೆತ್ತಿದರೆ ಅವನೇ ತಪ್ಪುಗಾರ. ತಪ್ಪು ಮಾಡಿರಲಿ, ಬಿಡಲಿ, ಒಪ್ಪಿಕೊಂಡವನಿಗೇ ನಮ್ಮಲ್ಲಿ ಮರ್ಯಾದೆ. ‘ಇಲ್ಲ’ ಎಂದು ವಾದಿಸುವವನು ಎಲ್ಲರಿಗಿಂತ ದೊಡ್ಡ ಕಳ್ಳ.

ಕೋರ್ಟೂ ಹಾಗೇ ಎಂದುಕೊಂಡಳು ನಮ್ಮವ್ವ! ವಕೀಲರನ್ನು ಹಿಡಿಯೋಣ ಎಂದು ನಾನು ಬಡಕೊಂಡೆ. ‘ಲಾಯ್ರಿ ಮಡಗುದ್ರೆ ವಾದ್ಸಕ್ಕೆ ನಿಂತಂಗಲ್ವೇನೇ? ಸುಮ್ಕಿರು’ ಎಂದಳು. ಇಬ್ಬರಿಗೂ ಚೆನ್ನಾಗಿ ಕಲಿಸಿ ಕಳುಹಿಸಿದಳು. ತಾನೂ ಬಂದಳು, ಸೆರಗಿನ ತುದಿಗೆ ಅಡಿಕೆ, ಕಾಸು ಗಂಟು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ವೀಳ್ಯದೆಲೆ ಸುತ್ತಿಕೊಂಡು. ಆ ಕೋರ್ಟು ಯಾವ ಊರಿನದು ಎಂದು ನಾನು ಬರೆಯುವುದಿಲ್ಲ. ತಮ್ಮ ಕಟಕಟೆಯಲ್ಲಿ ನಿಂತು, ಟವೆಲ್ಲು ಸೊಂಟಕ್ಕೆ ಕಟ್ಟಿ, ‘ತಪ್ಪಾಯ್ತು ಬುದ್ದಿ, ಒಟ್ಟೆಗಾಕ್ಕಳಿ’ ಎಂದ. ಪೂರಿಗಾಲಿಯವನೂ ಅದನ್ನೇ ಹೇಳಿದ. ಅವ್ವ ಎಲೆಯಡಿಕೆ ಹಿಡಿದು ಮುಂದೆ ನುಗ್ಗಿದಳು, ಪೇದೆ ‘ಏಯ್, ಆಚೆ ನಡಿಯಮ್ಮ’ ಎಂದು ತಳ್ಳಿದ. ಮೇಜಿನ ಹತ್ತಿರ ಕೂತಿದ್ದ ಗುಮಾಸ್ತ ಆರೋಪಿಗಳು ತಪ್ಪೊಪ್ಪಿಕೊಂಡಿದ್ದಾರೆ ಎಂದು ಬರೆದುಕೊಂಡ. ಒಂದೂವರೆ ವರ್ಷ ಕಠಿಣ ಸಜೆ ಎಂದರು. ಅವ್ವನಿಗೆ ಅರ್ಥವೇ ಆಗಲಿಲ್ಲ. ‘ಏನಂದ್ರವ್ವ, ಕಾಣಿಕೆ ಎತ್ಕೊಂಡ್ರಾ?’ ಎಂದು ನನ್ನನ್ನೇ ಕೇಳಿದಳು.

ನನ್ನ ಹೊಟ್ಟೆ ಉರಿದದ್ದು ಅದಕ್ಕಿಂತ ಹೆಚ್ಚಾಗಿ ಮುಂದಿನ ಕೇಸಿಗೆ. ಅದೇ ದಿನ, ಅದೇ ನ್ಯಾಯಾಧೀಶರು. ಒಬ್ಬ ಅನುಕೂಲಸ್ಥರ ಮನೆಯ ಹುಡುಗ, ನೀರಿಗೆ ಹೋಗಿದ್ದ ಒಂದು ಹೆಣ್ಣುಮಗಳ ಕೈ ಹಿಡಿದು ಎಳೆದಾಡಿ, ರವಿಕೆ ಹರಿದಿದ್ದ. ಆ ಮಗು ಕೋರ್ಟಿನ ಮೂಲೆಯಲ್ಲಿ ನಿಂತು ಬಿಕ್ಕುತ್ತಿತ್ತು. ಅವನೂ ತಪ್ಪೊಪ್ಪಿಕೊಂಡ. ಅವನಿಗೆ ಒಂದಿಷ್ಟು ಜುಲ್ಮಾನೆ, ಮತ್ತೆ ಕೋರ್ಟು ಏಳುವ ತನಕ ಅಲ್ಲೇ ಬೆಂಚಿನ ಮೇಲೆ ಕೂರುವ ಶಿಕ್ಷೆ. ಅಷ್ಟೇ! ಫ್ಯಾನಿನ ಕೆಳಗೆ ತೂಕಡಿಸುತ್ತ ಕೂತಿದ್ದ. ಸಂಜೆ ನಾವು ಹತ್ತಿದ ಬಸ್ಸಿಗೇ ಅವನೂ ಹತ್ತಿದ. ಮದ್ದೂರಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೈ ಚಾಚಿ ವಡೆ ಕೊಂಡು ತಿಂದ. ಅವನ ಬಾಯಿಗೆ ಮಣ್ಣು ಹಾಕ! ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಅಲ್ಲಿಯ ತನಕ ಬರಿ ಬಾಯಲ್ಲಿ ಹೇಳಿದ್ದೆ, ಅವತ್ತು ಕಣ್ಣಾರೆ ಕಂಡೆ.

ಮಾರನೆಯ ದಿನ ಯಜಮಾನರನ್ನು ಕೇಳದೆ ನಾನೇ ಮಂಡ್ಯದ ಒಬ್ಬ ಹಳೆಯ ವಕೀಲರ ಮನೆಗೆ ಹೋದೆ. ನಶ್ಯ ಏರಿಸುವ, ಮೆತ್ತಗೆ ಮಾತಾಡುವ ಹಿರಿಯರು. ಕೇಸು ಏನೆಂದು ಹೇಳುತ್ತಿದ್ದ ಹಾಗೆ ಅವರ ಕಿವಿ ಕೆಂಪಾಯಿತು.

‘ಇದೆಲ್ಲ ಹೆಣ್ಣುಮಕ್ಕಳು ಬಾಯಲ್ಲಿ ಹೇಳೋ ವಿಷಯಾನೇನಮ್ಮಾ? ನಿಮ್ಮ ಯಜಮಾನರನ್ನ ಕಳಿಸಬಾರದಿತ್ತೇ?’

‘ನಮ್ಮೆಜಮಾನ್ರು ಬಂದ್ರೆ ನಿಮಗಿಂತ ಕೆಂಪಾಯ್ತಾರೆ ಸ್ವಾಮಿ. ಒಳಗಿರೋನು ನನ್ನ ತಮ್ಮ, ನಾನೇ ಯೋಳ್ತೀನಿ, ಕೇಳಿ’ ಎಂದೆ.

ಅವರು ಕೇಳಿದರು. ಹುಡುಗಿಯ ಕೈ ಎಳೆದವನ ಕಥೆಗೆ ಬಂದಾಗ ನಶ್ಯದ ಡಬ್ಬಿ ಕೆಳಗಿಟ್ಟರು. ‘ಅದೇ ದಿನವಾ? ಅವರೇ ನ್ಯಾಯಾಧೀಶರಾ?’ ಎಂದು ಎರಡೆರಡು ಸಲ ಕೇಳಿದರು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ತಪ್ಪೊಪ್ಪಿಕೊಂಡವರು ಮೇಲಿನ ಕೋರ್ಟಿಗೆ ಹೋಗಿ ತಪ್ಪೇ ಮಾಡಿಲ್ಲ ಎನ್ನುವ ಹಾಗಿಲ್ಲ. ಅಮ್ಮ ಹೇಳಿಕೊಟ್ಟ ಮಾತು ಆ ಬಾಗಿಲು ಮುಚ್ಚಿಬಿಟ್ಟಿದೆ. ಆದರೆ ಶಿಕ್ಷೆ ಹೆಚ್ಚಾಯಿತು ಎನ್ನಬಹುದು. ನೋವಾದ ಹುಡುಗಿ ಎದುರಿಗಿರುವಾಗ ಅವನಿಗೆ ಬೆಂಚು, ಯಾರಿಗೂ ನೋವು ಮಾಡದ ಇವರಿಗೆ ಕಲ್ಲು ಒಡೆಯುವ ಜೈಲು, ಇದು ಯಾವ ತಕ್ಕಡಿ ಎಂದು ಕೇಳಬಹುದು. ‘ಇಂಥ ಕೇಸಲ್ಲಿ ಯಾರೂ ಹಾಗೆ ಕೇಳಿದ್ದು ನಾನು ಕಂಡಿಲ್ಲ. ಕೇಳಿ ನೋಡೋಣ’ ಎಂದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇನ್ನೊಂದು ದಾರಿಯೂ ಇದೆ ಎಂದರು. ತಮ್ಮನದು ಚಿಕ್ಕ ವಯಸ್ಸು, ಹೊಲಮನೆ ಇದೆ, ಕಾಯಿಲೆ ಬೇರೆ. ಎಲ್ಲಿಂದಲೋ ಬಂದ ಆಳು ಇವನನ್ನು ಕೆಡಿಸಿದ ಎಂದು ಬರೆದರೆ ತಮ್ಮನೊಬ್ಬ ಸುಲಭವಾಗಿ ಆಚೆ ಬರುತ್ತಾನೆ. ಜಾಮೀನೂ ಬೇಗ ಸಿಗುತ್ತದೆ. ಅವ್ವನಿಗೆ ಇದನ್ನು ಹೇಳಿದ್ದೇ ತಡ, ‘ಅಂಗೇ ಬರ್ಸು! ಆ ಮುಂಡೇದೆ ಅಲ್ವಾ ನನ್ ಮಗುನ್ನ ಆಳ್ಮಾಡಿದ್ದು’ ಎಂದು ಕೂಗಾಡಿದಳು.

ಜೈಲಿಗೆ ಹೋಗಿ ತಮ್ಮನಿಗೆ ಹೇಳಿದೆ. ಸರಳಿನ ಆಚೆ ನಿಂತಿದ್ದ, ಎದೆ ಸುಂಯ್ ಎನ್ನುತ್ತಿತ್ತು. ಸಾಧು ಹುಡುಗ, ಜನ್ಮದಲ್ಲಿ ನನಗೆ ಎದುರಾಡಿದವನಲ್ಲ. ಅವತ್ತು ಕಣ್ಣು ದೊಡ್ಡದು ಮಾಡಿ ಹೇಳಿದ:

‘ಅಕ್ಕಾ, ಬಂದ್ರೆ ಇಬ್ರೂ ಬತ್ತೀವಿ. ಅವ್ನ್ ಮ್ಯಾಲೆ ಒಂದಕ್ಸರ ಬರ್ದ್ರೂ ನಾನಿಲ್ಲೇ ಸಾಯ್ತೀನಿ. ಅವ್ವಂಗೆ ಯೋಳ್ಬುಡು.’

‘ನಿನ್ನೆದೆ ಕೇಳುಸ್ಕೊಂಡಿದ್ದೀಯೇನೋ? ಚಳಿಗಾಲ ಕಳೀತದಾ ಇಲ್ಲಿ?’

‘ಕಳೀತದೆ ಬುಡು. ಅವ್ನು ಜೊತೇಲವ್ನಲ್ಲ.’

ಮನೆಗೆ ಬಂದು ಒಲೆ ಮುಂದೆ ಕೂತು ಅತ್ತೆ. ತಮ್ಮನ ಮೇಲೆ ಸಿಟ್ಟೂ ಬಂತು, ಎದೆ ತುಂಬಿಯೂ ಬಂತು. ನನ್ನ ಗಂಡ ನನಗಾಗಿ ಒಂದು ರಾತ್ರಿ ಲಾಕಪ್ಪಿನಲ್ಲಿ ಕೂತಾರೇ ಎಂದು ಯೋಚಿಸಿದೆ. ಪಾಪ, ಅವರು ಅವತ್ತು ತಾವೇ ಕಾಫಿ ಮಾಡಿ ತಂದು ನನ್ನ ಮುಂದಿಟ್ಟು, ‘ಇಬ್ಬರಿಗೂ ಸೇರಿಸೇ ಅರ್ಜಿ ಹಾಕಿಸು’ ಎಂದು ಮೆಲ್ಲಗೆ ಹೇಳಿ ಕಚೇರಿಗೆ ಓಡಿದರು.

ಪೂರಿಗಾಲಿಯವನಿಗೆ ಜಾಮೀನು ನಿಲ್ಲುವವರು ಯಾರೂ ಸಿಗಲಿಲ್ಲ. ತಮ್ಮ ಒಬ್ಬನೇ ಬರಲು ಒಪ್ಪಲಿಲ್ಲ. ಅಪೀಲು ಕೂಗುವ ತನಕ ಇಬ್ಬರೂ ಒಳಗೇ ಉಳಿದರು. ಅವ್ವ ಪಟ್ಟು ಬಿಡದೆ ಮಗನನ್ನು ಒಪ್ಪಿಸುತ್ತೇನೆ ಎಂದು ನನ್ನ ಜೊತೆ ಜೈಲಿಗೆ ಬಂದಳು. ಮಾಗಿಯ ಚಳಿ. ನಮ್ಮನ್ನು ಒಳಗೆ ಬಿಡುವ ವಾರ್ಡರು ವಯಸ್ಸಾದವನು, ಬಾಯಿ ತುಂಬ ಎಲೆಯಡಿಕೆ. ಅವ್ವ ಅವನ ಹತ್ತಿರವೇ ಮಗನ ಉಬ್ಬಸದ ಪುರಾಣ ಶುರು ಮಾಡಿದಳು. ಅವನೆಂದ:

‘ಗೊತ್ತು ಕಣವ್ವ. ಮಲಿಕ್ಕಂಡ್ರೆ ಉಸ್ರು ಕಟ್ತದೆ ಅಂತ ಆ ಇನ್ನೊಬ್ಬ ಇವನ್ನ ಎದೆಗೊರಗಿಸ್ಕಂಡು ಕೂತೇ ಇರ್ತಾನೆ. ತನ್ನ ಕಂಬ್ಳಿನೂ ಇವನ್ಗೇ ಒದ್ಸವ್ನೆ. ಇವನ ಪಾಲಿನ ಕೆಲ್ಸನೂ ಅವ್ನೇ ಮಾಡ್ತಾನೆ. ನಿನ್ ಮಗ ಉಸ್ರಾಡ್ತಿರೋದು ಅವನಿಂದ. ನಾನು ಬಾಳ ಜನ್ರ ನೋಡಿವ್ನಿ ಇಲ್ಲಿ, ಇಂಗೆ ನೋಡ್ಕಳೋರ್ನ ಕಂಡಿಲ್ಲ.’

ಅವ್ವ ಆಮೇಲೆ ಮಗನನ್ನು ಏನೂ ಕೇಳಲಿಲ್ಲ. ತಂದಿದ್ದ ಉಪ್ಪಿಟ್ಟಿನ ಡಬ್ಬಿ ಕೊಟ್ಟು, ‘ಇಬ್ರೂ ತಿನ್ನಿ’ ಎಂದಳು. ಮನೆ ಹತ್ತಿರ ಬಂದಾಗ, ‘ಲಾಯ್ರಿಗೆ ಯೋಳು, ಅವನ್ನ ಬೈದು ಬರೀಬ್ಯಾಡಿ ಅಂತ’ ಎಂದಳು. ಇಷ್ಟು ಹೇಳುವುದಕ್ಕೆ ನಮ್ಮವ್ವನಿಗೆ ಎಷ್ಟು ಕಷ್ಟವಾಯಿತು ಎಂಬುದು ಅವಳ ಮಗಳಾದ ನನಗೆ ಗೊತ್ತು.

ಅಪೀಲು ಮಂಡ್ಯದಲ್ಲಿ ಕೂಗಿದ ದಿನ ವಕೀಲರು ಅವ್ವನನ್ನು ಪಕ್ಕಕ್ಕೆ ಕರೆದು ಕೈಮುಗಿದರು. ‘ತಾಯೀ, ಏನೇ ಆಗಲಿ, ತಪ್ಪಾಯ್ತು ಅನ್ನೋ ಮಾತು ಮಾತ್ರ ಬಾಯಿಂದ ಬರಕೂಡದು.’ ಅವ್ವ ತನ್ನ ಬಾಯಿಯನ್ನು ತಾನೇ ನಂಬದೆ, ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕೂತಳು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ನಮ್ಮ ವಕೀಲರ ಮೆತ್ತನೆಯ ದನಿ ಅವತ್ತು ಗಟ್ಟಿಯಾಗಿತ್ತು. ‘ಆ ಕೇಸಿನಲ್ಲಿ ಒಂದು ಹೆಣ್ಣುಮಗಳು ಅತ್ತಳು, ಸ್ವಾಮಿ. ಈ ಕೇಸಿನಲ್ಲಿ ಅತ್ತವರು ಯಾರು, ತೋರಿಸಲಿ’ ಎಂದರು. ಸರ್ಕಾರಿ ವಕೀಲರು ಎದ್ದು, ಇದು ಪ್ರಕೃತಿಗೇ ವಿರುದ್ಧವಾದ ಅಪರಾಧ, ಅದಕ್ಕೂ ಇದಕ್ಕೂ ಹೋಲಿಕೆಯೇ ಸಲ್ಲದು, ಆ ಶಿಕ್ಷೆ ಕಡಿಮೆಯಾಗಿದ್ದರೆ ಅದನ್ನು ಏರಿಸಬೇಕೇ ಹೊರತು ಇದನ್ನು ಇಳಿಸಬಾರದು ಎಂದರು. ‘ಅದನ್ನು ಏರಿಸಿ ಎಂದು ಸರ್ಕಾರ ಅಪೀಲು ಹಾಕಿದೆಯೇ?’ ಎಂದರು ನಮ್ಮವರು. ಸರ್ಕಾರಿ ವಕೀಲರು ಕಾಗದ ತಿರುವಿ ಹಾಕಿದರು.

ನ್ಯಾಯಾಧೀಶರು ‘ಬಿಟ್ಟರೆ ಇವರು ಹೋಗುವುದು ಎಲ್ಲಿಗೆ? ಊರಲ್ಲಿ ಇವರನ್ನು ಸೇರಿಸುವವರು ಇದ್ದಾರೆಯೇ?’ ಎಂದು ಕೇಳಿದರು. ವಕೀಲರು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಲ್ಲಿ ಅವ್ವ ಎದ್ದು ನಿಂತಳು, ಬಾಯಲ್ಲಿ ಸೆರಗು ಹಾಗೇ ಇತ್ತು.

‘ನೀವು ಯಾರಮ್ಮ?’

ಅವ್ವ ವಕೀಲರ ಮುಖ ನೋಡಿದಳು. ಅವರು ತಲೆಯಾಡಿಸಿದ ಮೇಲೆ ಸೆರಗು ತೆಗೆದು, ‘ಇವರಿಬ್ರು ಮನೆಯವ್ಳು ಬುದ್ದಿ’ ಎಂದು ಹೇಳಿ, ಮತ್ತೆ ಸೆರಗು ತುರುಕಿಕೊಂಡು ಕೂತಳು.

ತೀರ್ಪಿನಲ್ಲಿ ಇಬ್ಬರ ಶಿಕ್ಷೆಯನ್ನೂ ಅಲ್ಲಿಯ ತನಕ ಅನುಭವಿಸಿದಷ್ಟಕ್ಕೆ ಇಳಿಸಿದರು. ಬಡವರು, ವಕೀಲರಿಲ್ಲದೆ ಒಪ್ಪಿಕೊಂಡವರು, ಹಿಂದೆ ಯಾವ ಕೇಸೂ ಇಲ್ಲದವರು ಎಂದು ಕಾರಣ ಕೊಟ್ಟರು. ಬೆಣ್ಣೆ ಸುಣ್ಣದ ಮಾತನ್ನು ಮಾತ್ರ ಎತ್ತಲೇ ಇಲ್ಲ. ಅಪರಾಧ ಅಪರಾಧವಾಗಿಯೇ ಉಳಿಯಿತು. ಆ ಕಲಮು ಬದಲಾಯಿತು ಎಂದು ನಾನು ಪೇಪರಿನಲ್ಲಿ ಓದುವ ಹೊತ್ತಿಗೆ ನನ್ನ ತಲೆ ಬೆಳ್ಳಗಾಗಿತ್ತು, ಅವರಿಬ್ಬರೂ ಇರಲಿಲ್ಲ. ಓದಿ ಪೇಪರು ಮಡಿಸಿಟ್ಟೆ. ಯಾರಿಗೆ ಹೇಳಲಿ?

ಬಿಡುಗಡೆಯ ದಿನ ಮಂಡ್ಯದಿಂದ ಮದ್ದೂರು, ಅಲ್ಲಿಂದ ಕೊಪ್ಪದ ಬಸ್ಸು. ಅವ್ವ ಮೊದಲೇ ಊರಿಗೆ ಹೋಗಿದ್ದಳು. ಪೂರಿಗಾಲಿಯವನು ಮನೆ ಮುಂದೆ ಬಂದು ಜಗಲಿಯ ಕೆಳಗೇ ನಿಂತುಬಿಟ್ಟ.

‘ಅಕ್ಕೋ, ಇವನ್ನ ಬುಟ್ಟಾಯ್ತಲ್ಲ, ನಾ ನಮ್ಮೂರ್ಗೋಯ್ತೀನಿ. ನನ್ನಿಂದ ಅವ್ವಂಗೆ ಬ್ಯಾಡ ತೊಂದ್ರೆ’ ಎಂದ.

ತಮ್ಮ ಅವನ ಬಟ್ಟೆ ಗಂಟು ಹಿಡಿದುಕೊಂಡ, ಬಿಡಲಿಲ್ಲ. ಎದೆ ಸದ್ದು ಮಾಡುತ್ತಿತ್ತು. ಬೇಲಿಯ ಮೇಲಿಂದ, ಬಾಗಿಲ ಸಂದಿಯಿಂದ ಊರು ನೋಡುತ್ತಿತ್ತು. ಇವನು ಈಗ ತಿರುಗಿ ನಡೆದರೆ ತಮ್ಮನೂ ಹಿಂದೆಯೇ ನಡೆಯುತ್ತಾನೆ, ಅವ್ವನಿಗೆ ಮಗ ಇಲ್ಲ ಎಂದು ಹೆದರಿ ಬಾಗಿಲ ಕಡೆ ನೋಡಿದೆ.

ಅವ್ವ ಒಳಗಿಂದ ಬಂದಳು. ಸೆರಗನ್ನು ಹೆಗಲಿನಿಂದ ಎಳೆದು ಗಂಡಸರು ಟವೆಲ್ಲು ಕಟ್ಟುವ ಹಾಗೆ ಸೊಂಟಕ್ಕೆ ಬಿಗಿದಿದ್ದಳು. ಕೈಯಲ್ಲಿ ಹಿತ್ತಾಳೆ ತಟ್ಟೆ. ಹೊಸ ವೀಳ್ಯದೆಲೆ, ಅದರ ಮೇಲೆ ಅವತ್ತು ಕೋರ್ಟಿಗೆ ಗಂಟು ಹಾಕಿಕೊಂಡು ಹೋಗಿದ್ದ ಅದೇ ಅಡಿಕೆ, ಅದೇ ಕಾಸು. ಹೆಂಗಸು ತಪ್ಪುಕಾಣಿಕೆ ಹಿಡಿದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಜಗಲಿ ಇಳಿದು ಅವನ ಮುಂದೆ ನಿಂತಳು.

‘ತಪ್ಪಾಯ್ತು ಕಣಪ್ಪ. ಒಟ್ಟೆಗಾಕ್ಕೊ.’

ಅವನು ‘ಅವ್ವಾ, ಬುಡಿ, ಏನಿದು’ ಎಂದು ಹಿಂದೆ ಸರಿದ.

‘ಎತ್ಕೊಳ್ಲಾ. ಕೈ ನೋಯ್ತದೆ ನಂಗೆ.’

ಅವನು ತಟ್ಟೆ ಎತ್ತಿಕೊಂಡ. ಅವ್ವ ಸೆರಗು ಬಿಚ್ಚಿ ಮುಖ ಒರೆಸಿಕೊಂಡು, ಬೇಲಿಯ ಕಡೆ ಒಂದು ಸಲ ನೋಡಿ, ನನ್ನನ್ನು ಗದರಿದಳು: ‘ನೋಡ್ತಾ ನಿಂತವ್ಳಲ್ಲ, ಎಲ್ರಿಗೂ ಒಂದೇ ಸಾಲ್ಗೆ ತಟ್ಟೆ ಆಕು.’

ನಾಲ್ಕೂ ಜನ ಸಾಲಾಗಿ ಕೂತೆವು. ಮುದ್ದೆ, ಬದನೆಕಾಯಿ ಸಾರು. ಅರ್ಧ ಉಂಡ ಮೇಲೆ ಪೂರಿಗಾಲಿಯವನ ಕೈ ತಾನಾಗಿ ಒಂದು ಹೋಳು ಎತ್ತಿ ತಮ್ಮನ ತಟ್ಟೆಗೆ ಹಾಕಿತು. ಹಾಕಿದ ಮೇಲೆ ಅವ್ವ ಪಕ್ಕದಲ್ಲೇ ಇದ್ದಾಳೆ ಎಂದು ನೆನಪಾಗಿ, ಕೈ ಅಲ್ಲೇ ನಿಂತಿತು. ಅವ್ವ ನೋಡಿದಳು. ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡು, ಹುಡುಕಿ ಒಂದು ದೊಡ್ಡ ಹೋಳು ತೆಗೆದು ಅವನ ತಟ್ಟೆಗೆ ಬಡಿಸಿ, ‘ಉಣ್ಣು’ ಎಂದಳು.